ನೀಟ್ ಗುರಿ, ಕೈಯಲ್ಲಿ ಪಿಸಿಎಂಬಿ: ಸೆಕೆಂಡ್ ಪಿಯುಸಿಯಲ್ಲಿ ಗಣಿತ ಬಿಡೋದಾ, ಇಟ್ಕೊಳ್ಳೋದಾ?

ಹೊಳೆದಂಡೆ:

ತಂಗಿ ಫಸ್ಟ್ ಪಿಯುಸಿ ಪಿಸಿಎಂಬಿ ಮುಗಿಸಿದ್ದಾಳೆ. ಬಯಾಲಜಿ 91, ಕೆಮಿಸ್ಟ್ರಿ 84, ಫಿಸಿಕ್ಸ್ 71, ಗಣಿತ 48. ಹತ್ತನೇ ತರಗತಿವರೆಗೂ ಕನ್ನಡ ಮಾಧ್ಯಮ. ಗುರಿ ಎಂಬಿಬಿಎಸ್. ಅದು ಆಗದಿದ್ದರೆ ಬಿಎಸ್ಸಿ ಅಗ್ರಿ ಅಂತಾಳೆ, ಅದೂ ಇಲ್ಲ ಅಂದ್ರೆ ಏನು ಅನ್ನೋದು ಇನ್ನೂ ಗೊತ್ತಿಲ್ಲ. ಗಣಿತಕ್ಕೆ ಕೊಡೋ ಹೊತ್ತನ್ನ ಬಯಾಲಜಿಗೆ ಕೊಟ್ರೆ ನೀಟ್‌ನಲ್ಲಿ ಮೇಲೆ ಬರ್ತೀನಿ ಅನ್ನೋದು ಅವಳ ವಾದ. ಅಪ್ಪ ಮಾತ್ರ ಗಣಿತ ಬಿಟ್ರೆ ಎಲ್ಲ ಬಾಗಿಲು ಮುಚ್ಚಿದ ಹಾಗೆ ಅಂತಾರೆ.

ನನಗೆ ಬೇಕಿರೋದು ಇಷ್ಟು. ಈ ಹಂತದಲ್ಲಿ ಗಣಿತ ಕೈಬಿಡೋಕೆ ದಾರಿ ಇದೆಯಾ? ಇಟ್ಕೊಂಡ್ರೆ ಕಡಿಮೆ ಅಂದ್ರೆ ಎಷ್ಟು ಸಮಯ ಕೊಡಬೇಕು? ಬಿಟ್ರೆ ನಿಜವಾಗಿ ಯಾವ್ಯಾವ ಕೋರ್ಸ್ ಹೋಗುತ್ತೆ? ಮತ್ತೆ, ಗಣಿತ ಇಲ್ಲದೆ ಫಿಸಿಕ್ಸ್ ನಡೆಯುತ್ತಾ? "ಅವಳ ಮನಸ್ಸಿಗೆ ಬಂದಿದ್ದು ಮಾಡಲಿ ಬಿಡಿ" ಅನ್ನೋ ಉತ್ತರ ಮನೆಯಲ್ಲೇ ಬೇಕಾದಷ್ಟು ಸಿಕ್ಕಿದೆ, ದಯವಿಟ್ಟು ಅದು ಬೇಡ.

—

ಕಡತದಕಣ್ಣು:

ಮೊದಲ ಪ್ರಶ್ನೆಗೆ ಉತ್ತರ ಚಿಕ್ಕದು. ಸೆಕೆಂಡ್ ಪಿಯುಸಿ ಪರೀಕ್ಷೆಗೆ ನೋಂದಣಿ ಆಗೋದು ಫಸ್ಟ್ ಪಿಯುಸಿಯಲ್ಲಿ ಓದಿದ ವಿಷಯಗಳ ಮೇಲೆ. ಎರಡು ಭಾಷೆ, ನಾಲ್ಕು ಐಚ್ಛಿಕ ವಿಷಯ, ಒಟ್ಟು 600 ಅಂಕ. ಗಣಿತ ತೆಗೆದ್ರೆ ಆ ಜಾಗ ಖಾಲಿ ಬಿಡೋಕಾಗಲ್ಲ, ಗೃಹವಿಜ್ಞಾನವೋ ಇನ್ನೊಂದೋ ಬರಬೇಕು. ಆ ವಿಷಯದ ಫಸ್ಟ್ ಪಿಯುಸಿ ಪಾಠ ಅವಳು ಓದಿಲ್ಲ. ಅದನ್ನ ಕಲಿಸೋ ಕಾಲೇಜೂ ಹುಡುಕಬೇಕು, ಪಿಸಿಎಂಬಿ ಇರೋ ಎಲ್ಲ ಕಡೆ ಗಣಿತವಿಲ್ಲದ ಸೈನ್ಸ್ ಕಾಂಬಿನೇಷನ್ ಇರಲ್ಲ. ಹಾಗಾಗಿ ಗಣಿತ ಬೇಡ ಅನ್ನೋ ತೀರ್ಮಾನ ಎಸ್ಸೆಸ್ಸೆಲ್ಸಿ ಮುಗಿದಾಗ ಆಗಬೇಕಿತ್ತು. ಈಗ ಉಳಿದಿರೋದು ಗಣಿತಕ್ಕೆ ಎಷ್ಟು ಹೊತ್ತು ಕೊಡಬೇಕು ಅನ್ನೋ ಲೆಕ್ಕ ಮಾತ್ರ. ಬದಲಾಯಿಸಲೇಬೇಕು ಅನ್ನೋದಾದ್ರೆ ತರಗತಿ ಶುರುವಾಗೋ ಮೊದಲೇ ಪ್ರಾಂಶುಪಾಲರನ್ನ ಕಾಣಿ. ಆಗಸ್ಟ್‌ನಲ್ಲಿ ಹೋದ್ರೆ ಯಾರೂ ಕೇಳಿಸಿಕೊಳ್ಳಲ್ಲ.

ಇನ್ನು ಬಾಗಿಲುಗಳ ವಿಷಯ. ಅಪ್ಪ ಹೇಳೋದು ಅರ್ಧ ಸರಿ.

ಗಣಿತ ಕೇಳದ ಕಡೆ: ಎಂಬಿಬಿಎಸ್, ಬಿಡಿಎಸ್, ಆಯುರ್ವೇದ ಹೋಮಿಯೋಪಥಿ, ಪಶುವೈದ್ಯಕೀಯ, ಬಿಎಸ್ಸಿ ನರ್ಸಿಂಗ್, ಫಿಸಿಯೋಥೆರಪಿ, ಬಿಎಸ್ಸಿ ಅಗ್ರಿ. ಎಂಬಿಬಿಎಸ್‌ಗೆ ನೋಡೋದು ಫಿಸಿಕ್ಸ್ ಕೆಮಿಸ್ಟ್ರಿ ಬಯಾಲಜಿ ಮೂರರ ಒಟ್ಟು ಶೇಕಡಾ 50 (ಎಸ್‌ಸಿ, ಎಸ್‌ಟಿ, ಒಬಿಸಿಗೆ 40), ಜೊತೆಗೆ ಇಂಗ್ಲಿಷ್ ಪಾಸು. ಗಣಿತದ ಅಂಕ ಆ ಲೆಕ್ಕಕ್ಕೆ ಬರೋದೇ ಇಲ್ಲ.

ಎರಡರಲ್ಲಿ ಯಾವುದಿದ್ರೂ ನಡೆಯೋದು ಬಿ.ಫಾರ್ಮಾ. ಕೆಮಿಸ್ಟ್ರಿ, ಫಿಸಿಕ್ಸ್ ಜೊತೆ ಗಣಿತವಾದ್ರೂ ಸರಿ, ಬಯಾಲಜಿಯಾದ್ರೂ ಸರಿ.

ಗಣಿತ ಇಲ್ಲದೆ ಒಳಗೆ ಬಿಡದ ಕಡೆ: ಎಂಜಿನಿಯರಿಂಗ್ ಪೂರ್ತಿ. ಬಯೋಟೆಕ್ನಾಲಜಿ ಎಂಜಿನಿಯರಿಂಗ್, ಬಯೋಮೆಡಿಕಲ್ ಎಂಜಿನಿಯರಿಂಗ್ ಕೂಡ ಅದರಲ್ಲೇ ಸೇರಿತು. ಹೆಸರಲ್ಲಿ ಬಯೋ ಇದೆ ಅಂತ ಬಯಾಲಜಿ ಸಾಕು ಅಂದ್ಕೊಂಡು ಕೌನ್ಸೆಲಿಂಗ್ ಹೊತ್ತಿಗೆ ಪೆಚ್ಚಾಗೋರು ಪ್ರತಿ ವರ್ಷ ಇರ್ತಾರೆ. ಹಾಗೇ ಬಿಎಸ್ಸಿ ಅಗ್ರಿ ಬೇರೆ, ಬಿ.ಟೆಕ್ ಅಗ್ರಿಕಲ್ಚರಲ್ ಎಂಜಿನಿಯರಿಂಗ್ ಬೇರೆ. ಎರಡೂ ಕೃಷಿ ವಿಶ್ವವಿದ್ಯಾಲಯದಲ್ಲೇ ಇದ್ರೂ ಎರಡನೆಯದಕ್ಕೆ ಗಣಿತ ಬೇಕೇ ಬೇಕು. ಆರ್ಕಿಟೆಕ್ಚರ್, ಸೇನಾಧಿಕಾರಿಗಳ ತರಬೇತಿ ಅಕಾಡೆಮಿ ಎನ್‌ಡಿಎಯಲ್ಲಿ ನೌಕಾಪಡೆ ಮತ್ತು ವಾಯುಪಡೆ, ಬೆಂಗಳೂರಿನ ಐಐಎಸ್‌ಸಿಯ ಪದವಿ ಕೋರ್ಸು, ಇವಕ್ಕೂ ಗಣಿತ ಕಡ್ಡಾಯ.

ಬಯಾಲಜಿ ಇಷ್ಟಪಡೋ ಮಕ್ಕಳು ಗಮನಿಸದೇ ಬಿಡೋದು ಐಸರ್, ಅಂದ್ರೆ ವಿಜ್ಞಾನ ಶಿಕ್ಷಣ ಮತ್ತು ಸಂಶೋಧನೆಯ ಕೇಂದ್ರ ಸಂಸ್ಥೆಗಳು. ಅದರ ಪ್ರವೇಶ ಪರೀಕ್ಷೆಯಲ್ಲಿ 60 ಪ್ರಶ್ನೆ: ಬಯಾಲಜಿ, ಕೆಮಿಸ್ಟ್ರಿ, ಗಣಿತ, ಫಿಸಿಕ್ಸ್ ತಲಾ 15. ಸರಿಯಾದ್ರೆ 4 ಅಂಕ, ತಪ್ಪಾದ್ರೆ 1 ಕಳೆಯುತ್ತೆ, ಒಟ್ಟು 240. ನಾಲ್ಕರಲ್ಲಿ ಮೂರು ವಿಷಯ ಓದಿದ್ರೂ ಬರೆಯಬಹುದು. ಆದ್ರೆ ಗಣಿತ ಗೊತ್ತಿಲ್ಲದವರು ಹೊಸಿಲು ದಾಟೋ ಮೊದಲೇ 60 ಅಂಕ ಕೈಬಿಟ್ಟ ಹಾಗೆ. ನಿಜವಾಗಿ ಬಯಾಲಜಿ ಸಂಶೋಧನೆಯ ಕಡೆ ಒಲವಿದ್ರೆ, "ಅದೂ ಇಲ್ಲ ಅಂದ್ರೆ ಏನು" ಅನ್ನೋ ಪ್ರಶ್ನೆಗೆ ಇದೇ ಒಳ್ಳೆ ಉತ್ತರ.

ಕೊನೆಗೆ ಒಂದು ಎಚ್ಚರಿಕೆ. ಗಣಿತ ನೀಟ್‌ಗೆ ಲೆಕ್ಕವಿಲ್ಲ ಅಂತ ಪುಸ್ತಕವನ್ನೇ ಮುಟ್ಟದೆ ಫೇಲಾದ್ರೆ ಪಿಯುಸಿಯೇ ಫೇಲು. ಆರೂ ವಿಷಯ ದಾಟಬೇಕು. ಫೇಲಾದವರು ಮತ್ತೆ ಬರೆಯೋಕೆ ಪರೀಕ್ಷೆ-2 ಇದೆ, ನಿಜ. ಆದ್ರೆ ನೀಟ್ ಮೇ ತಿಂಗಳ ಮೊದಲ ಭಾನುವಾರದ ಆಸುಪಾಸಿನಲ್ಲಿ ಬರುತ್ತೆ. ಪರೀಕ್ಷೆ-2 ನಡೆಯೋದೂ ಅದೇ ದಿನಗಳಲ್ಲಿ. ಬಯಾಲಜಿ ರಿವಿಷನ್ ಮಾಡಬೇಕಾದ ವಾರದಲ್ಲಿ ಮ್ಯಾಟ್ರಿಕ್ಸ್ ಹಿಡ್ಕೊಂಡು ಕೂರೋ ಸ್ಥಿತಿ ತಂದ್ಕೋಬೇಡಿ.

—

ಸೀಮೆಸುಣ್ಣ:

ಎಷ್ಟು ಸಮಯ ಅನ್ನೋದಕ್ಕೆ ಪ್ರಶ್ನೆಪತ್ರಿಕೆ ನೋಡದೆ ಉತ್ತರ ಹೇಳೋಕಾಗಲ್ಲ. ಈಗ ಬರ್ತಿರೋ ಗಣಿತ ಪತ್ರಿಕೆ 80 ಅಂಕಕ್ಕೆ, ಆಂತರಿಕ ಅಂಕ 20.

ಭಾಗ ಎ: ಒಂದಂಕದ 20 ಪ್ರಶ್ನೆ. 15 ಬಹು ಆಯ್ಕೆ, 5 ಬಿಟ್ಟ ಸ್ಥಳ.
ಭಾಗ ಬಿ: ಎರಡಂಕದ 6, ಅಂದ್ರೆ 12.
ಭಾಗ ಸಿ: ಮೂರಂಕದ 6, ಅಂದ್ರೆ 18.
ಭಾಗ ಡಿ: ಐದಂಕದ 4, ಅಂದ್ರೆ 20.
ಭಾಗ ಇ: ಆರಂಕದ್ದೊಂದು, ನಾಲ್ಕಂಕದ್ದೊಂದು, ಅಂದ್ರೆ 10.

ಬಿ, ಸಿ, ಡಿ ಮೂರರಲ್ಲೂ ಕೇಳಿದ್ದಕ್ಕಿಂತ ಹೆಚ್ಚು ಪ್ರಶ್ನೆ ಕೊಟ್ಟು ಆರಿಸಿಕೊಳ್ಳೋಕೆ ಬಿಡ್ತಾರೆ. ಪೂರ್ತಿ ಪಠ್ಯ ಓದದವರಿಗೆ ಇದೇ ಉಸಿರು.

ಗುರಿ ಪಾಸು ಮಾತ್ರ ಅಂತ ಇಟ್ಕೋಬೇಡಿ. ಪಾಸಿಗೆ ಬೇಕಾದಷ್ಟನ್ನೇ ಓದಿದವರು ಒಂದೆರಡು ಪ್ರಶ್ನೆ ತಿರುಗಿಸಿ ಕೇಳಿದ್ರೆ ಮುಳುಗ್ತಾರೆ. 80ಕ್ಕೆ 50 ಅಂತ ಇಟ್ಕೊಳ್ಳಿ. ಅದು ಬರೋದು ಹೀಗೆ.

ಭಾಗ ಇ. ಇಲ್ಲಿ ಆರಂಕಕ್ಕೆ ಸಾಮಾನ್ಯವಾಗಿ ಎರಡು ಆಯ್ಕೆ: ನಿಶ್ಚಿತ ಇಂಟಿಗ್ರಲ್‌ನ ಒಂದು ಗುಣ ಸಾಧಿಸಿ ಅದರಿಂದ ಬೆಲೆ ಕಂಡುಹಿಡಿಯೋದು, ಇಲ್ಲವೇ ಲೀನಿಯರ್ ಪ್ರೋಗ್ರಾಮಿಂಗ್. ಎರಡನೆಯದು ಹತ್ತನೇ ತರಗತಿಯ ಗ್ರಾಫ್ ಗೊತ್ತಿದ್ರೆ ಬರುತ್ತೆ. ಉದಾಹರಣೆಗೆ ಎಕ್ಸ್ + ವೈ ≤ 8, 2ಎಕ್ಸ್ + ವೈ ≤ 12, ಎರಡೂ ಸೊನ್ನೆಗಿಂತ ಕಡಿಮೆ ಇಲ್ಲ. 3ಎಕ್ಸ್ + 2ವೈ ಗರಿಷ್ಠ ಎಷ್ಟು? ಎರಡು ಗೆರೆ ಎಳೀರಿ, ಅವು (4, 4) ರಲ್ಲಿ ಸೇರುತ್ತವೆ. ಮೂಲೆಗಳು (0, 0), (6, 0), (4, 4), (0, 8). ಬೆಲೆ ಕ್ರಮವಾಗಿ 0, 18, 20, 16. ಉತ್ತರ 20. ಮಕ್ಕಳು ಅಂಕ ಕಳ್ಕೊಳ್ಳೋದು ಎಲ್ಲಿ ಅಂದ್ರೆ, ಮೊದಲ ಗೆರೆ ಅಡ್ಡ ಅಕ್ಷವನ್ನ (8, 0) ರಲ್ಲಿ ಮುಟ್ಟುತ್ತಲ್ಲ, ಅದನ್ನೂ ಮೂಲೆ ಅಂತ ಪಟ್ಟಿಗೆ ಹಾಕ್ತಾರೆ. ಅಲ್ಲಿ ಬೆಲೆ 24, ಎಲ್ಲಕ್ಕಿಂತ ದೊಡ್ಡದು, ಅದನ್ನೇ ಉತ್ತರ ಅಂತ ಬರೀತಾರೆ. ಆದ್ರೆ ಎರಡನೇ ಷರತ್ತಿಗೆ (8, 0) ಹಾಕಿದ್ರೆ 16 ಬರುತ್ತೆ, 12 ದಾಟಿತು. ಆ ಬಿಂದು ಪ್ರದೇಶದ ಹೊರಗಿದೆ. ಪ್ರತಿ ಮೂಲೆಯನ್ನೂ ಎಲ್ಲ ಷರತ್ತಿಗೂ ಹಾಕಿ ನೋಡೋ ಅಭ್ಯಾಸ ಒಂದಿದ್ರೆ ಈ ಆರಂಕ ಗ್ಯಾರಂಟಿ. ನಾಲ್ಕು ಭಾನುವಾರ ಎರಡೆರಡು ಗಂಟೆ ಸಾಕು.

ನಾಲ್ಕಂಕದ್ದು ಬಹಳ ಸಲ ಮ್ಯಾಟ್ರಿಕ್ಸ್ ಮೇಲೆ. ಎ ಅನ್ನೋ ಮ್ಯಾಟ್ರಿಕ್ಸ್‌ನ ಮೊದಲ ಸಾಲು 3, 1, ಎರಡನೇ ಸಾಲು −1, 2. ಎ² − 5ಎ + 7ಐ (ಐ ಅಂದ್ರೆ ಐಡೆಂಟಿಟಿ ಮ್ಯಾಟ್ರಿಕ್ಸ್) ಸೊನ್ನೆ ಅಂತ ತೋರಿಸಿ, ಅದರಿಂದ ಇನ್ವರ್ಸ್ ತೆಗೆಯಿರಿ ಅನ್ನೋ ಥರದ್ದು. ಎ² ಅಂದ್ರೆ ಒಳಗಿನ ಒಂದೊಂದು ಸಂಖ್ಯೆಯ ವರ್ಗ ಅಂತ 9, 1, 1, 4 ಬರೆದವರಿಗೆ ಮೊದಲ ಹೆಜ್ಜೆಯಲ್ಲೇ ಎಲ್ಲ ಹೋಯ್ತು. ಸಾಲು ಗುಣಿಸು ಕಂಬ: 8, 5, −5, 3. ಆಮೇಲೆ ಇಡೀ ಸಮೀಕರಣವನ್ನ ಎ ಇನ್ವರ್ಸ್‌ನಿಂದ ಗುಣಿಸಿದ್ರೆ 7 × ಎ ಇನ್ವರ್ಸ್ = 5ಐ − ಎ. ಅಂದ್ರೆ 2, −1, 1, 3 ಇದನ್ನ 7ರಿಂದ ಭಾಗಿಸಿದ್ದು. ಇಲ್ಲಿ ಅಡ್ಜಾಯಿಂಟ್ ಸೂತ್ರದಿಂದ ಇನ್ವರ್ಸ್ ತೆಗೆದ್ರೆ ಉತ್ತರ ಅದೇ ಬರುತ್ತೆ, ಆದ್ರೆ "ಅದರಿಂದ" ಅಂತ ಕೇಳಿದ್ದನ್ನ ಮಾಡಿದ ಹಾಗಾಗಲ್ಲ, ಅಂಕ ಕತ್ತರಿಸ್ತಾರೆ.

ಭಾಗ ಡಿಯಲ್ಲಿ ನಾಲ್ಕರ ಬದಲು ಐದು ಬಗೆ ತಯಾರಾಗಿ, ಒಂದು ಕೈಕೊಟ್ರೂ ಇನ್ನೊಂದಿರಲಿ: ಮೂರು ಸಮೀಕರಣವನ್ನ ಮ್ಯಾಟ್ರಿಕ್ಸ್‌ನಿಂದ ಬಿಡಿಸೋದು, ಫಂಕ್ಷನ್ ಒಂದಕ್ಕೊಂದು ಮತ್ತು ಆನ್‌ಟು ಅಂತ ಸಾಧಿಸೋದು, ಸ್ಟ್ಯಾಂಡರ್ಡ್ ಇಂಟಿಗ್ರಲ್ ಒಂದರ ಸೂತ್ರ ತೆಗೆದು ಬಳಸೋದು, ವೃತ್ತ ಅಥವಾ ದೀರ್ಘವೃತ್ತದ ವಿಸ್ತೀರ್ಣ, ಲೀನಿಯರ್ ಡಿಫರೆನ್ಷಿಯಲ್ ಸಮೀಕರಣ. ಸಮೀಕರಣ ಬಿಡಿಸೋದರಲ್ಲಿ ತಪ್ಪೋದು ಬಹುಪಾಲು ಕೋಫ್ಯಾಕ್ಟರ್‌ನ ಚಿಹ್ನೆಯಲ್ಲಿ. ಒಂಬತ್ತು ಕೋಫ್ಯಾಕ್ಟರ್ ಬರೆಯೋ ಮೊದಲು ಮೂಲೆಯಲ್ಲಿ ಪೆನ್ಸಿಲ್‌ನಿಂದ + − +, − + −, + − + ಅಂತ ಬರೆದಿಟ್ಕೊಳ್ಳಲಿ. ವಿಸ್ತೀರ್ಣದಲ್ಲಿ ಕಾಲು ಭಾಗ ಮಾತ್ರ ಇಂಟಿಗ್ರೇಟ್ ಮಾಡಿ 4ರಿಂದ ಗುಣಿಸೋದು ಮರೀತಾರೆ. ಇಂಟಿಗ್ರೇಷನ್‌ನಲ್ಲಿ ಕೊನೆಗೆ ಬರೋ ಸಿ ಹಾಕದೇ ಬಿಡೋದಂತೂ ಕೇಳೋದೇ ಬೇಡ.

ಒಂದಂಕದ 20ರಲ್ಲಿ 12 ಬರಲಿ ಅಂತ ಲೆಕ್ಕ ಹಾಕಿ. ಇಲ್ಲಿ ಕಾಯಂ ಬಲೆ ಇನ್ವರ್ಸ್ ಟ್ರಿಗನಾಮೆಟ್ರಿ. ಸೈನ್ 120 ಡಿಗ್ರಿಯ ಸೈನ್ ಇನ್ವರ್ಸ್ ಎಷ್ಟು? 120 ಅಂತ ಗುರುತು ಹಾಕ್ತಾರೆ. ಸೈನ್ ಇನ್ವರ್ಸ್ ಉತ್ತರ ಕೊಡೋದು −90ರಿಂದ 90ರ ಒಳಗೆ ಮಾತ್ರ, ಹಾಗಾಗಿ 60.

ಈಗ ಕೂಡಿ: ಎ 12, ಬಿ 6, ಸಿ 6, ಡಿ 15, ಇ 10. 49 ಆಯ್ತು. ಆಂತರಿಕದಲ್ಲಿ ಪ್ರಾಜೆಕ್ಟ್ ಹೊತ್ತಿಗೆ ಸರಿಯಾಗಿ ಕೊಟ್ಟು, ಕಿರುಪರೀಕ್ಷೆಗೆ ಗೈರಾಗದೆ ಇದ್ರೆ 20ರ ಹತ್ತಿರ ಬರುತ್ತೆ. ಅಲ್ಲಿಗೆ 65ರ ಮೇಲೆ.

ಸಮಯ: ತರಗತಿ ಬಿಟ್ಟು ವಾರಕ್ಕೆ 4 ಗಂಟೆ, ಜೂನ್‌ನಿಂದ ನವೆಂಬರ್‌ವರೆಗೆ. ಡಿಸೆಂಬರ್, ಜನವರಿ ವಾರಕ್ಕೆ 2. ಪರೀಕ್ಷೆಗೆ ಮೊದಲು ಹಳೇ ಪತ್ರಿಕೆ ಐದು, ಮೂರು ಗಂಟೆ ಗಡಿಯಾರ ಇಟ್ಟು. ಇದಕ್ಕಿಂತ ಕಡಿಮೆಗೆ ಆಗುತ್ತೆ ಅಂತ ಯಾರಾದ್ರೂ ಹೇಳಿದ್ರೆ ಅವರು ಫಸ್ಟ್ ಪಿಯುಸಿಯಲ್ಲಿ 80 ತೆಗೆದವರ ಬಗ್ಗೆ ಮಾತಾಡ್ತಿದ್ದಾರೆ, 48ರವರ ಬಗ್ಗೆ ಅಲ್ಲ.

ಆ 48 ಎಲ್ಲಿಂದ ಬಂತು ಅಂತಾನೂ ನೋಡಿ. ಉತ್ತರಪತ್ರಿಕೆ ಸಿಕ್ಕಿದ್ರೆ ಟ್ರಿಗನಾಮೆಟ್ರಿ, ಸರಳರೇಖೆ, ಲಿಮಿಟ್ಸ್ ಮತ್ತು ಡೆರಿವೇಟಿವ್ಸ್, ಈ ಮೂರು ಅಧ್ಯಾಯದ ಅಂಕ ಮಾತ್ರ ಬೇರೆ ಮಾಡಿ. ಬಿದ್ದದ್ದು ಸೆಟ್ಸ್‌ನಲ್ಲೋ ಪರ್ಮ್ಯುಟೇಷನ್‌ನಲ್ಲೋ ಆಗಿದ್ರೆ ತಲೆ ಕೆಡಿಸ್ಕೋಬೇಡಿ, ಬೋರ್ಡ್ ಪರೀಕ್ಷೆಗೆ ಅವು ದೂರ. ಆದ್ರೆ ಆ ಮೂರು ಬಿದ್ದಿದ್ರೆ ಸೆಕೆಂಡ್ ಪಿಯುಸಿಯ ಅರ್ಧ ಪುಸ್ತಕ ಅದರ ಮೇಲೇ ನಿಂತಿದೆ. ಕಾಸ್ ವರ್ಗವನ್ನ ಇಂಟಿಗ್ರೇಟ್ ಮಾಡೋಕೆ 1 + ಕಾಸ್ 2ಎಕ್ಸ್ = 2 ಕಾಸ್² ಎಕ್ಸ್ ಅನ್ನೋದು ನೆನಪಾಗಬೇಕು. ಅದು ಫಸ್ಟ್ ಪಿಯುಸಿ ಸಾಲು. ಬೇಸಿಗೆ ರಜೆಯಲ್ಲಿ ಅದಷ್ಟನ್ನ ಕಟ್ಟಿಕೊಳ್ಳಲಿ.

—

ಕಪ್ಪೆಚಿಪ್ಪು:

ಫಿಸಿಕ್ಸ್ ಪ್ರಶ್ನೆಗೆ ನಾನು ಬರ್ತೀನಿ. ನೀಟ್‌ನಲ್ಲಿ 180 ಪ್ರಶ್ನೆ, 180 ನಿಮಿಷ, 720 ಅಂಕ. ಬಯಾಲಜಿ 90, ಫಿಸಿಕ್ಸ್ 45, ಕೆಮಿಸ್ಟ್ರಿ 45. ನಿಮ್ಮ ತಂಗಿಯ ಅಂಕ ನೋಡಿದ್ರೆ ಬಯಾಲಜಿ 91, ಫಿಸಿಕ್ಸ್ 71. ಗಣಿತದಿಂದ ಉಳಿಸಿದ ಹೊತ್ತನ್ನ ಬಯಾಲಜಿಗೆ ಹಾಕಿದ್ರೆ ಏರೋಕೆ ಜಾಗವೇ ಕಡಿಮೆ. ಸೋರ್ತಿರೋದು ಫಿಸಿಕ್ಸ್‌ನ 180 ಅಂಕದಲ್ಲಿ. ಮತ್ತೆ ಫಿಸಿಕ್ಸ್ ಸೋರೋದಕ್ಕೆ ಮುಕ್ಕಾಲು ಕಾರಣ ಗಣಿತವೇ ಇರುತ್ತೆ.

ಎಸಿ ಕರೆಂಟ್ ಪಾಠದಲ್ಲಿ ಇಂಡಕ್ಟರ್ ತಗೊಳ್ಳಿ. ವೋಲ್ಟೇಜ್ ಅಂದ್ರೆ ಕರೆಂಟ್ ಬದಲಾಗೋ ವೇಗದ ಎಲ್ (ಇಂಡಕ್ಟೆನ್ಸ್) ಪಟ್ಟು. ಕರೆಂಟ್ ಸೈನ್ ಆಗಿದ್ರೆ ಅದರ ಡೆರಿವೇಟಿವ್ ಕಾಸ್. ಕಾಸ್ ಅನ್ನೋದು ಸೈನ್‌ಗಿಂತ 90 ಡಿಗ್ರಿ ಮುಂದೆ. ಹಾಗಾಗಿ ಇಂಡಕ್ಟರ್‌ನಲ್ಲಿ ವೋಲ್ಟೇಜ್ ಮುಂದೆ, ಕರೆಂಟ್ ಹಿಂದೆ. ಒಂದೇ ಸಾಲು. ಡೆರಿವೇಟಿವ್ ಬಾರದವರು ಇದನ್ನ ಬಾಯಿಪಾಠ ಮಾಡ್ತಾರೆ, ಕೆಪಾಸಿಟರ್‌ಗೆ ಬಂದಾಗ ಯಾವುದು ಮುಂದೆ ಯಾವುದು ಹಿಂದೆ ಅಂತ ಅದಲುಬದಲು ಮಾಡ್ಕೊಳ್ತಾರೆ.

ಕೆಮಿಸ್ಟ್ರಿಯಲ್ಲಿ ಇದೇ ಕಥೆ. ಫಸ್ಟ್ ಆರ್ಡರ್ ರಿಯಾಕ್ಷನ್ 99.9 ಶೇಕಡಾ ಮುಗಿಯೋಕೆ ಅರ್ಧಾಯುಷ್ಯದ ಎಷ್ಟು ಪಟ್ಟು ಬೇಕು? ಉಳಿದಿರೋದು ಸಾವಿರದಲ್ಲಿ ಒಂದು ಪಾಲು, ಲಾಗ್ 1000 ಅಂದ್ರೆ 3. 2.303 × 3 = 6.909. ಅರ್ಧಾಯುಷ್ಯದ ಕಡೆ 0.693. ಭಾಗಿಸಿದ್ರೆ ಹತ್ತಿರ ಹತ್ತಿರ 10. ಲಾಗ್ ಕೈಗೆ ಹತ್ತಿದವರಿಗೆ ಅರ್ಧ ನಿಮಿಷದ ಕೆಲಸ. (ಇನ್ನೂ ಚುರುಕಾದವರು 2ರ ಹತ್ತನೇ ಘಾತ 1024 ಅಂತ ಪೆನ್ ಎತ್ತದೇ ಉತ್ತರ ಹೇಳ್ತಾರೆ.) ಬಯಾಲಜಿಯಲ್ಲೂ ಇದೆ. ಮೂರು ಜೀನ್ ಮೂರೂ ಹೆಟರೋಜೈಗಸ್ ಆಗಿರೋ ಗಿಡದ ಸ್ವಪರಾಗಸ್ಪರ್ಶದಲ್ಲಿ ಮೂರೂ ರಿಸೆಸಿವ್ ಬರೋ ಸಾಧ್ಯತೆ? ಕಾಲು ಗುಣಿಸು ಕಾಲು ಗುಣಿಸು ಕಾಲು, 64ರಲ್ಲಿ 1. ಇದಕ್ಕೂ 64 ಚೌಕದ ಪನೆಟ್ ಪಟ್ಟಿ ಬರೆಯೋ ಮಕ್ಕಳಿದ್ದಾರೆ.

ಆದ್ರೆ ಪ್ರಾಮಾಣಿಕವಾಗಿ ಹೇಳಬೇಕಂದ್ರೆ ಇದಕ್ಕೆಲ್ಲ ಪೂರ್ತಿ ಪಿಯುಸಿ ಗಣಿತ ಬೇಡ. ನೀಟ್‌ಗೆ ಬೇಕಾದ್ದು ಇಷ್ಟು: ಲಾಗ್, ಟ್ರಿಗನಾಮೆಟ್ರಿಯ ಬೆಲೆಗಳು ಮತ್ತು ನಾಲ್ಕಾರು ಸೂತ್ರ, ಘಾತ, ಸೈನ್, ಕಾಸ್‌ಗಳ ಡೆರಿವೇಟಿವ್, ಅವುಗಳದೇ ಸರಳ ಇಂಟಿಗ್ರೇಷನ್, ಗ್ರಾಫ್‌ನ ಇಳಿಜಾರು ಮತ್ತು ಕೆಳಗಿನ ವಿಸ್ತೀರ್ಣ, ಗರಿಷ್ಠ ಕನಿಷ್ಠ ಹುಡುಕೋದು, ವೆಕ್ಟರ್‌ನ ಡಾಟ್ ಮತ್ತು ಕ್ರಾಸ್ ಗುಣಾಕಾರ. ಮ್ಯಾಟ್ರಿಕ್ಸ್, ರಿಲೇಷನ್ಸ್, ಲೀನಿಯರ್ ಪ್ರೋಗ್ರಾಮಿಂಗ್, ಇನ್ವರ್ಸ್ ಟ್ರಿಗನಾಮೆಟ್ರಿ, ಇವುಗಳಿಂದ ನೀಟ್‌ಗೆ ಒಂದು ಅಂಕವೂ ಬರಲ್ಲ. ಅಂದ್ರೆ ಸೀಮೆಸುಣ್ಣ ಅವರ ಪಟ್ಟಿಯಲ್ಲಿ ಅಂಕ ತರೋ ಅಧ್ಯಾಯಗಳೇ ಬೇರೆ, ಫಿಸಿಕ್ಸ್‌ಗೆ ಸಹಾಯ ಮಾಡೋ ಅಧ್ಯಾಯಗಳೇ ಬೇರೆ. ವಾರದ 4 ಗಂಟೆಯಲ್ಲಿ ಮೊದಲ ಎರಡು ತಿಂಗಳು ಡೆರಿವೇಟಿವ್, ಇಂಟಿಗ್ರೇಷನ್, ವೆಕ್ಟರ್ ಮಾತ್ರ ಮಾಡಿಸಿ. ಕಾಲೇಜಿನಲ್ಲಿ ರಿಲೇಷನ್ಸ್‌ನಿಂದ ಶುರು ಮಾಡ್ತಾರೆ, ಪರವಾಗಿಲ್ಲ. ಫಿಸಿಕ್ಸ್ ಮೇಷ್ಟ್ರು ಜೂನ್‌ನಲ್ಲೇ ಗೌಸ್ ನಿಯಮ ಹಿಡಿದಿರ್ತಾರೆ. ಗಣಿತದವರು ಇಂಟಿಗ್ರೇಷನ್ ಮುಟ್ಟೋವರೆಗೆ ಅವರು ಕಾಯಲ್ಲ.

—

ಎರಡನೇದಾರಿ:

ಮೇಲಿನ ಇಬ್ಬರ ಲೆಕ್ಕ ಸರಿ ಇದೆ. ಆದ್ರೆ "65 ಸಾಕು" ಅನ್ನೋದಕ್ಕೆ ನನ್ನ ತಕರಾರಿದೆ. ಕರ್ನಾಟಕದಲ್ಲಿ ಎಂಜಿನಿಯರಿಂಗ್ ರ‍್ಯಾಂಕ್‌ಗೆ ಸಿಇಟಿ ಅರ್ಧ, ಪಿಯುಸಿಯ ಫಿಸಿಕ್ಸ್ ಕೆಮಿಸ್ಟ್ರಿ ಗಣಿತದ ಅಂಕ ಇನ್ನರ್ಧ. ಆದ್ರಿಂದ ಬೋರ್ಡಿನಲ್ಲಿ ಗಣಿತ ಕಡೆಗಣಿಸಿದ್ದು ಎರಡು ಕಡೆ ಹೊಡೆಯುತ್ತೆ.

ಒಬ್ಬಳು ಪಿಯುಸಿಯಲ್ಲಿ ಫಿಸಿಕ್ಸ್ 88, ಕೆಮಿಸ್ಟ್ರಿ 92, ಗಣಿತ 45 ತೆಗೆದಳು ಅಂತಿಟ್ಕೊಳ್ಳಿ. 300ಕ್ಕೆ 225, ಶೇಕಡಾ 75. ಸಿಇಟಿಯಲ್ಲಿ 60ಕ್ಕೆ ಫಿಸಿಕ್ಸ್ 40, ಕೆಮಿಸ್ಟ್ರಿ 42, ಗಣಿತ 15. 180ಕ್ಕೆ 97, ಶೇಕಡಾ 53.9. ಸರಾಸರಿ 64.4. ಇದೇ ಹುಡುಗಿ ಗಣಿತದಲ್ಲಿ ಪಿಯುಸಿ 80, ಸಿಇಟಿ 30 ತೆಗೆದ್ರೆ? 86.7 ಮತ್ತು 62.2, ಸರಾಸರಿ 74.4. ಸರಿಯಾಗಿ ಹತ್ತು ಅಂಕದ ಜಿಗಿತ, ರ‍್ಯಾಂಕ್‌ನಲ್ಲಿ ಅದು ಸಾವಿರಗಟ್ಟಲೆ ಮೆಟ್ಟಿಲು. ಬಯೋಟೆಕ್ನಾಲಜಿಯೋ ಬಯೋಮೆಡಿಕಲ್ಲೋ ಎರಡನೇ ಆಯ್ಕೆ ಅನ್ನೋದಾದ್ರೆ ಗಣಿತ ಕಡೆಗಣಿಸಬೇಡಿ. ಬಿಎಸ್ಸಿ ಅಗ್ರಿ ಮಾತ್ರ ಎರಡನೇ ಆಯ್ಕೆ ಅಂದ್ರೆ ಸೀಮೆಸುಣ್ಣ ಅವರ ಯೋಜನೆಯೇ ಸರಿ, ಅಲ್ಲಿ ಗಣಿತ ಬೇಕಿಲ್ಲ.

ಅಂದ ಹಾಗೆ ಆ 15 ಎಲ್ಲಿಂದ ಬಂತು ಅಂದ್ರೆ, ಸಿಇಟಿಯಲ್ಲಿ ತಪ್ಪಿಗೆ ಅಂಕ ಕಳೆಯಲ್ಲ. ನಾಲ್ಕು ಆಯ್ಕೆಯ 60 ಪ್ರಶ್ನೆಗೆ ಕಣ್ಮುಚ್ಚಿ ಗುರುತು ಹಾಕಿದ್ರೂ ಸರಾಸರಿ 15 ಬರುತ್ತೆ. ನೀಟ್‌ಗೆ ಓದಿದವರು "ಗೊತ್ತಿಲ್ಲದ್ದು ಬಿಡು" ಅನ್ನೋ ಅಭ್ಯಾಸದಲ್ಲಿ ಸಿಇಟಿ ಗಣಿತದಲ್ಲೂ ಅರ್ಧ ಖಾಲಿ ಬಿಟ್ಟು ಬರ್ತಾರೆ. ದೊಡ್ಡ ದಡ್ಡತನ. ಗಣಿತ ಪತ್ರಿಕೆಯನ್ನೇ ಬರೆಯದೆ ಮನೆಗೆ ಬರೋರೂ ಇದ್ದಾರೆ. ಅವರಿಗೆ ಎಂಜಿನಿಯರಿಂಗ್ ರ‍್ಯಾಂಕೇ ಇಲ್ಲ. 80 ನಿಮಿಷ ಕೂತು ಬರೆದು ಬನ್ನಿ.

—

ಹೊಳೆದಂಡೆ:

ಎಲ್ಲರಿಗೂ ಧನ್ಯವಾದ. ಬಿಡೋ ಮಾತು ಮುಗೀತು, ವಾರಕ್ಕೆ 4 ಗಂಟೆ ಅಂತ ಅವಳೂ ಒಪ್ಪಿದ್ದಾಳೆ. ಇನ್ನೆರಡು ಅನುಮಾನ. ಕನ್ನಡ ಮಾಧ್ಯಮದಿಂದ ಬಂದದ್ದಕ್ಕೆ ಗಣಿತದ ಇಂಗ್ಲಿಷ್ ಪ್ರಶ್ನೆ ಅರ್ಥ ಮಾಡ್ಕೊಳ್ಳೋದರಲ್ಲೇ ಹೊತ್ತು ಹೋಗುತ್ತೆ ಅಂತಾಳೆ. ಇದಕ್ಕೇನು ಮಾಡೋದು? ಇನ್ನೊಂದು, ಚಿಕ್ಕಪ್ಪನ ಮಗ ಸಿಬಿಎಸ್‌ಇ ಹತ್ತನೇ ತರಗತಿ, ಅವನಿಗೂ ಡಾಕ್ಟರ್ ಆಗೋ ಆಸೆ. ಅವನು ಗಣಿತ ತಗೋಬೇಕಾ?

—

ಸೀಮೆಸುಣ್ಣ:

ಭಾಷೆಯ ತೊಡಕು ಗಣಿತದಲ್ಲಿ ಬಯಾಲಜಿಗಿಂತ ಎಷ್ಟೋ ಕಡಿಮೆ. ಪಿಯುಸಿ ಗಣಿತದಲ್ಲಿ ಪ್ರಶ್ನೆಯ ಕ್ರಿಯಾಪದ ಹತ್ತು ಹನ್ನೆರಡೇ ಇರೋದು. ಹಳೇ ಐದು ಪತ್ರಿಕೆಯಿಂದ ಅವನ್ನ ಹೆಕ್ಕಿ ಒಂದು ಹಾಳೆಯಲ್ಲಿ ಬರೆದು, ಪ್ರತಿಯೊಂದರ ಮುಂದೆ "ಇಲ್ಲಿ ಏನು ಮಾಡಿದ್ರೆ ಅಂಕ" ಅಂತ ಕನ್ನಡದಲ್ಲೇ ಬರೆದಿಡಲಿ. ಪ್ರೂವ್ ಅಂದ್ರೆ ಎಡಗಡೆಯಿಂದ ಹೊರಟು ಬಲಗಡೆ ಮುಟ್ಟಬೇಕು. ವೆರಿಫೈ ಅಂದ್ರೆ ಎರಡೂ ಕಡೆ ಬೇರೆ ಬೇರೆ ಲೆಕ್ಕ ಮಾಡಿ ಸಮ ಅಂತ ತೋರಿಸಿದ್ರೆ ಸಾಕು. ಹೆನ್ಸ್ ಅಂದ್ರೆ ಮೇಲಿನ ಉತ್ತರವನ್ನೇ ಬಳಸಬೇಕು, ಮ್ಯಾಟ್ರಿಕ್ಸ್ ಲೆಕ್ಕದಲ್ಲಿ ಹೇಳಿದ್ದು ಅದೇ. ನಿಜವಾಗಿ ಓದಿ ಅರ್ಥ ಮಾಡ್ಕೋಬೇಕಾದ್ದು ಪ್ರಾಬಬಿಲಿಟಿ ಮತ್ತು ಗರಿಷ್ಠ ಕನಿಷ್ಠದ ವಾಕ್ಯರೂಪದ ಲೆಕ್ಕ. ಪ್ರಾಬಬಿಲಿಟಿಯಲ್ಲಿ ಗಿವನ್ ದಟ್ ಅನ್ನೋ ಪದದ ಕೆಳಗೆ ಗೆರೆ ಎಳೆಯೋ ರೂಢಿ ಮಾಡ್ಕೊಳ್ಳಲಿ. ಅದರ ನಂತರ ಬರೋದು ಛೇದದಲ್ಲಿ ಹೋಗುತ್ತೆ. ಎರಡನ್ನೂ ತಲೆಕೆಳಗು ಮಾಡೋದು ಇಂಗ್ಲಿಷ್ ಮಾಧ್ಯಮದವರೂ ಮಾಡೋ ತಪ್ಪೇ, ಅವಳು ಅದಕ್ಕೆ ಕೊರಗಬೇಕಿಲ್ಲ.

—

ಕಡತದಕಣ್ಣು:

ಸಿಬಿಎಸ್‌ಇಯಲ್ಲಿ ಇಷ್ಟು ಇಕ್ಕಟ್ಟಿಲ್ಲ. ಅಲ್ಲಿ ಮುಖ್ಯ ವಿಷಯ ಐದು, ಬೇಕಿದ್ರೆ ಆರನೆಯದು ಹೆಚ್ಚುವರಿ. ಇಂಗ್ಲಿಷ್, ಫಿಸಿಕ್ಸ್, ಕೆಮಿಸ್ಟ್ರಿ, ಬಯಾಲಜಿ, ಐದನೆಯದಾಗಿ ದೈಹಿಕ ಶಿಕ್ಷಣವೋ ಇನ್ನೊಂದೋ ಇಟ್ಕೊಂಡು, ಗಣಿತವನ್ನ ಆರನೆಯದಾಗಿ ತಗೋಬಹುದು. ಒಂದೇ ಗಮನಿಸಬೇಕಾದ್ದು, ಅಲ್ಲಿ ಗಣಿತ ಎರಡು ಬಗೆ. ಕೋಡ್ 041 ಇರೋದು ಮಾಮೂಲಿ ಗಣಿತ, 241 ಅಪ್ಲೈಡ್ ಮ್ಯಾಥಮ್ಯಾಟಿಕ್ಸ್. ಎರಡನೆಯದು ಬಡ್ಡಿ, ಸಾಲದ ಕಂತು, ಅಂಕಿಅಂಶದ ಕಡೆ ವಾಲಿದ್ದು, ವಾಣಿಜ್ಯದವರಿಗೆ ಹೇಳಿ ಮಾಡಿಸಿದ್ದು. ಮುಂದೆ ಎಂಜಿನಿಯರಿಂಗ್ ಕಡೆ ಹೋಗೋ ಸಾಧ್ಯತೆ ಒಂದಿಷ್ಟಿದ್ರೂ 041 ತಗೊಳ್ಳಲಿ. ಫಿಸಿಕ್ಸ್‌ಗೆ ಉಪಯೋಗಕ್ಕೆ ಬರೋದೂ ಅದೇ.

ಹನ್ನೆರಡನೇ ತರಗತಿ ಗಣಿತವಿಲ್ಲದೆ ಮುಗಿಸಿ ಆಮೇಲೆ ಬೇಕಾದ್ರೆ ಎನ್‌ಐಒಎಸ್ ಅನ್ನೋ ರಾಷ್ಟ್ರೀಯ ಮುಕ್ತ ಶಾಲಾ ಮಂಡಳಿಯಲ್ಲಿ ಅದೊಂದೇ ವಿಷಯ ಬರೆಯೋ ದಾರಿಯೂ ಇದೆ. ಕೋಡ್ 311, ಸಾರ್ವಜನಿಕ ಪರೀಕ್ಷೆ ವರ್ಷಕ್ಕೆ ಎರಡು ಸಲ, ಏಪ್ರಿಲ್-ಮೇ ಮತ್ತು ಅಕ್ಟೋಬರ್-ನವೆಂಬರ್. ಆದ್ರೆ ಬೇರೆ ಬೋರ್ಡಿನಿಂದ ಸೇರಿಸಿದ ಒಂದು ವಿಷಯವನ್ನ ಪ್ರತಿ ಪ್ರವೇಶ ಪ್ರಾಧಿಕಾರ ತನ್ನದೇ ರೀತಿಯಲ್ಲಿ ಲೆಕ್ಕಕ್ಕೆ ತಗೊಳ್ಳುತ್ತೆ. ಶುಲ್ಕ ಕಟ್ಟೋ ಮೊದಲು ಯಾವ ಕೋರ್ಸ್‌ಗೆ ಬೇಕೋ ಅದರ ಮಾಹಿತಿ ಪುಸ್ತಕದಲ್ಲಿ ಅರ್ಹತೆಯ ಪುಟ ಓದಿ. ಕೋಚಿಂಗ್ ಸೆಂಟರ್‌ನ ಕೌಂಟರಿನಲ್ಲಿ ಕೂತವರು ಹೇಳೋದನ್ನ ನಂಬಬೇಡಿ.

ತಂಗಿಗೆ ಇನ್ನೊಂದು ಮಾತು: ಬೋರ್ಡ್ ಪತ್ರಿಕೆಯ ಮಾದರಿ ನಡುನಡುವೆ ಬದಲಾಗುತ್ತೆ. ಅಂಗಡಿಯ ಗೈಡ್‌ನಲ್ಲಿರೋ ಹಳೇ 100 ಅಂಕದ ಪತ್ರಿಕೆ ಲೆಕ್ಕಗಳ ಅಭ್ಯಾಸಕ್ಕೆ ಆಗುತ್ತೆ, ಸಮಯ ಹಂಚಿಕೊಳ್ಳೋದು ಕಲಿಯೋಕೆ ಆಗಲ್ಲ. ಮಂಡಳಿಯ ಜಾಲತಾಣದಲ್ಲಿ ಆಯಾ ವರ್ಷದ ಮಾದರಿ ಪತ್ರಿಕೆ ಹಾಕ್ತಾರೆ, ಗಡಿಯಾರ ಇಟ್ಟು ಬರೆಯೋದು ಅದನ್ನೇ.